ಜಟ್ಟಣ್ಣನ ಬಂಡೆ ಮತ್ತು ನನ್ನ ಸ್ಯಾಂಡ್‌ಬಾಕ್ಸು

ದಡ್ಡರ ನಡುವೆ ಬುದ್ಧಿವಂತಳಾಗಿ ಬಾಳುವುದು ಎಷ್ಟು ಕಷ್ಟವೆಂದು ಯಾರೂ ಬಾಯಿ ಬಿಟ್ಟು ಹೇಳುವುದಿಲ್ಲ. ಹೇಳಿದರೆ ಜಂಬ ಎಂದಾರು ಎಂಬ ಭಯ. ನನಗೆ ಆ ಭಯವಿಲ್ಲ, ಏಕೆಂದರೆ ನನ್ನ ಬಗ್ಗೆ ಈಗಾಗಲೇ ಹಾಗೆ ಹೇಳಿಯಾಗಿದೆ. ನಾನು ಹೊಳನಗದ್ದೆಯಿಂದ ದಿನವೂ ಬಸ್ಸು ಹಿಡಿದು ಹೊನ್ನಾವರಕ್ಕೆ ಹೋಗಿ ಒಂದು ಸಣ್ಣ ಕಂಪನಿಯ ಸರ್ವರ್ ನೋಡಿಕೊಳ್ಳುವವಳು. ಹಾಗೆಂದರೆ ಏನು ಕೆಲಸವೆಂದು ನಮ್ಮ ನೆಂಟರಲ್ಲಿ ಒಬ್ಬರಿಗೂ ತಿಳಿಯದು. ಮದುವೆಮನೆಯಲ್ಲಿ ಊಟಕ್ಕೆ ಕೂತರೆ ಪಕ್ಕದವರು ಎಡಗೈಯಲ್ಲಿ ಮೊಬೈಲು ಚಾಚಿ, "ಶಾರದಾ, ಇದು ಬಿಸಿ ಆತದೆ, ಎಂತಕ್ಕೆ ನೋಡೆ" ಎನ್ನುತ್ತಾರೆ. ನನ್ನ ಗಂಡನಂತೂ ಯಾರು ಕೇಳಿದರೂ "ಅವಳು ಕಂಪ್ಯೂಟರಿಗೆ ಕಾವಲು" ಎಂದು ಒಂದೇ ಮಾತಿನಲ್ಲಿ ಮುಗಿಸುತ್ತಾರೆ. ಅಂಗಡಿ ಮುಂದೆ ಕೋಲು ಹಿಡಿದು ಕೂರುವವಳ ಹಾಗೆ.

ಕಂಪನಿಯ ಧಣಿ ವಿನಾಯಕ ಕರ್ಕಿಯವನು. ಕರ್ಕಿಯವನಾದ್ದರಿಂದ ಮಾತು ಬಲು ಜೋರು. ತಾಳಮದ್ದಲೆಯಲ್ಲಿ ಅರ್ಥ ಹೇಳುವವರ ಹಾಗೆ ಎಷ್ಟು ಹೊತ್ತು ಬೇಕಾದರೂ ವಾದ ಮಾಡಬಲ್ಲ, ಆದರೆ ನಡುವೆ ತಾನು ಯಾರ ಪಕ್ಷವೆಂಬುದನ್ನು ಮರೆತುಬಿಡುತ್ತಾನೆ. ಭಟ್ಕಳ, ಹೊನ್ನಾವರ, ಕುಮಟೆಯ ಬೋಟಿನ ಯಜಮಾನರು ನಮ್ಮ ಗಿರಾಕಿಗಳು. ಬೋಟು ಎತ್ತ ಹೋಯಿತು, ಎಲ್ಲಿ ಬಲೆ ಬಿಟ್ಟಿತು, ಎಷ್ಟು ಮೀನು ತಂದಿತು ಎಂಬುದೆಲ್ಲ ಜಿಪಿಎಸ್ಸಿನ ಮೂಲಕ ನಮ್ಮ ಸರ್ವರಿಗೆ ಬಂದು ಸೇರುತ್ತದೆ. ಆಮೇಲೆ ಪ್ರತಿಯೊಬ್ಬ ಯಜಮಾನನೂ ತನ್ನ ಅಳಿಯನಿಂದಲೋ ಭಾವನಿಂದಲೋ ಬರೆಸಿದ ಪ್ರೋಗ್ರಾಮನ್ನು ನಮ್ಮಲ್ಲೇ ಓಡಿಸಿ, ನಾಳೆ ಎಲ್ಲಿಗೆ ಹೋದರೆ ಲಾಭವೆಂದು ಲೆಕ್ಕ ಹಾಕಿಸುತ್ತಾನೆ. ಆ ಅಳಿಯಂದಿರು ಬರೆದ ಪ್ರೋಗ್ರಾಮುಗಳನ್ನು ನಾನು ನೋಡಿದ್ದೇನೆ. ಅವರಿಗೆ ಹೆಣ್ಣು ಕೊಟ್ಟವರ ಧೈರ್ಯ ಮೆಚ್ಚಬೇಕು.

ಮೀನು ಸಿಗುವ ಜಾಗವನ್ನು ಇವರು ಹೆಂಡತಿಗೂ ಹೇಳುವುದಿಲ್ಲ. ದಡದಲ್ಲಿ ಒಂದೇ ಚಹಾವನ್ನು ಎರಡು ಲೋಟಕ್ಕೆ ಬಗ್ಗಿಸಿಕೊಂಡು ಕುಡಿಯುವ ಗೆಳೆಯರೇ ಆದರೂ, "ನಿನ್ನೆ ಎಲ್ಲಿಗೆ ಹೋಗಿದ್ಯೋ" ಎಂದು ಕೇಳಿದರೆ ತೆಂಕು ದಿಕ್ಕಿಗೆ ಹೋದವನು ಬಡಗು ದಿಕ್ಕಿಗೆ ಕೈ ತೋರಿಸುತ್ತಾನೆ. ಕೇಳಿದವನು ಅದನ್ನು ನಂಬದೆಯೇ ತಲೆಯಾಡಿಸುತ್ತಾನೆ. ಇದು ಇಲ್ಲಿನ ಮರ್ಯಾದೆ, ಯಾರಿಗೂ ಬೇಸರವಿಲ್ಲ. ಭಟ್ಕಳದ ಜಟ್ಟಣ್ಣನಿಗೆ ಅಂಥದ್ದೊಂದು ಜಾಗ ಸಿಕ್ಕಿತ್ತು. ನೀರಿನೊಳಗೆ ಬಂಡೆ, ಅದರ ಸುತ್ತ ಒಳ್ಳೇ ಬೆಲೆ ಬರುವ ಇಶ್ವಾಣ ಮೀನು. ಅವನ ಹಳೇ ಬೋಟು, ಇಬ್ಬರು ಹೆಣ್ಣುಮಕ್ಕಳ ಓದು, ಎಲ್ಲವೂ ಆ ಬಂಡೆಯನ್ನೇ ನಂಬಿ ನಿಂತಿದ್ದವು. "ಅಕ್ಕೋರೇ, ನಿಮ್ಮ ನಂಬ್ಕಂಡೇ ಇಲ್ಲಿ ಇಟ್ಟದ್ದು" ಎಂದು ಕಂಡಾಗಲೆಲ್ಲ ಹೇಳುತ್ತಿದ್ದ. ನಮ್ಮ ಕಡೆ ಶಾಲೆಯ ಟೀಚರಿಗೆ ಅಕ್ಕೋರು ಎನ್ನುತ್ತಾರೆ. ಕನ್ನಡಕ ಹಾಕಿಕೊಂಡು ಕಂಪ್ಯೂಟರಿನ ಮುಂದೆ ಕೂತದ್ದಕ್ಕೆ ನನಗೂ ಅದು ಸಂದಿತ್ತು.

ಈಗ ಸ್ವಲ್ಪ ಪಾಠ ಹೇಳುತ್ತೇನೆ, ಸಹಿಸಿಕೊಳ್ಳಿ. ನಮ್ಮ ಸರ್ವರಿನಲ್ಲಿ ಒಬ್ಬೊಬ್ಬ ಯಜಮಾನನ ಪ್ರೋಗ್ರಾಮು ಮತ್ತು ಮಾಹಿತಿ ಒಂದೊಂದು ಕಂಟೇನರಿನೊಳಗೆ ಇರುತ್ತದೆ. ಹೆಸರು ಕೇಳಿದರೆ ಉಕ್ಕಿನ ಪೆಟ್ಟಿಗೆ ಅನ್ನಿಸಬೇಕು. ವಾಸ್ತವದಲ್ಲಿ ಅದು ನಮ್ಮ ಹಳೇ ಹೆಂಚಿನ ಮನೆಯ ಕೋಣೆ. ಗೋಡೆಯೇನೋ ಇದೆ, ಆದರೆ ಮಾಡಿನವರೆಗೆ ಹೋಗಿಲ್ಲ. ಎಲ್ಲ ಕೋಣೆಗೂ ಮೇಲೆ ಒಂದೇ ಮಾಡು. ಕಂಪ್ಯೂಟರಿನಲ್ಲಿ ಆ ಮಾಡಿಗೆ ಕರ್ನಲ್ ಎಂದು ಹೆಸರು. ಪ್ರೋಗ್ರಾಮುಗಳು ಏನು ಬೇಕಾದರೂ ಕರ್ನಲನ್ನೇ ಕೇಳಬೇಕು, ಮತ್ತು ಅದರಲ್ಲೊಂದು ತೂತಿದ್ದರೆ ಈ ಕೋಣೆಯವನು ಗೋಡೆ ಹತ್ತಿ ಆ ಕೋಣೆಗೆ ಇಳಿಯಬಹುದು. ಸ್ಯಾಂಡ್‌ಬಾಕ್ಸಿನಲ್ಲಿ ಓಡಿಸಿದರೆ ಪ್ರತಿ ಕೋಣೆಗೂ ಅದರದೇ ಒಂದು ಪುಟ್ಟ ಕರ್ನಲ್ ಸಿಗುತ್ತದೆ. ಪ್ರೋಗ್ರಾಮು ಅದನ್ನೇ ನಿಜವೆಂದು ತಿಳಿದು ಕೇಳುತ್ತದೆ, ಅದು ಎಲ್ಲವನ್ನೂ ಸೋಸಿ ಅಪಾಯವಿಲ್ಲದ್ದನ್ನಷ್ಟೇ ಹೊರಗಿನ ದೊಡ್ಡ ಕರ್ನಲಿಗೆ ದಾಟಿಸುತ್ತದೆ. ಇಷ್ಟೇ ಸಂಗತಿ. ಇದನ್ನು ನಾನು ವಿನಾಯಕನಿಗೆ ಹೇಳತೊಡಗಿ ಮಳೆಗಾಲಗಳೇ ಕಳೆದವು.

"ಶಾರದಕ್ಕ, ಇಲ್ಲಿರೋರೆಲ್ಲ ನಮ್ಮವರೇ ಅಲ್ದಾ?" ಎನ್ನುವುದು ಅವನ ಖಾಯಂ ಉತ್ತರ. "ಕುಮಟೆ ಪಾಂಡಣ್ಣ ಜಟ್ಟಣ್ಣನ ಕಂಪೌಂಡು ಹಾರ್ತಾನಾ?" ಕರ್ನಲಿನ ಹಳೇ ತೂತಿಗೆ ತೇಪೆ ಹಾಕಲು ಸರ್ವರನ್ನು ಒಮ್ಮೆ ನಿಲ್ಲಿಸಬೇಕು ಎಂದರೆ, "ಸೀಸನ್ ಮುಗೀಲಿ" ಎನ್ನುತ್ತಿದ್ದ. ಸೀಸನ್ ಮುಗಿದ ಮೇಲೆ ಕೇಳಿದರೆ, "ಈಗ ಯಾರೂ ಬಳಸುದೇ ಇಲ್ವಲ್ಲ, ಎಂತಕ್ಕೆ?" ನನ್ನ ಕಾಟ ತಡೆಯಲಾರದೆ ಒಮ್ಮೆ ಹೊರಗಿನಿಂದ ಭದ್ರತಾ ಸಲಹೆಗಾರನೊಬ್ಬನನ್ನು ಕರೆಸಿದ. ಅವನು ಗೋಡೆಯ ಮೇಲೆ ಬೀಗದ ಚಿತ್ರಗಳನ್ನು ತೋರಿಸಿದ, ದೊಡ್ಡ ಬೀಗ, ಸಣ್ಣ ಬೀಗ, ತೆರೆದ ಬೀಗ. ಪಾಸ್‌ವರ್ಡು ಬದಲಿಸುತ್ತಿರಿ ಎಂದ. ಆಮೇಲೆ ಬಂಗುಡೆ ಫ್ರೈ ತಿಂದು, ಮುಳ್ಳು ಸಿಕ್ಕಿಸಿಕೊಂಡು, ಕೆಮ್ಮುತ್ತಲೇ ಕಾರು ಹತ್ತಿದ. ಇಂಥವರನ್ನು ತಜ್ಞರೆನ್ನುವ ಲೋಕದಲ್ಲಿ ನಾನು ಬಸ್ಸಿನಲ್ಲಿ ನಿಂತು ಪ್ರಯಾಣ ಮಾಡುತ್ತೇನೆ.

ಹಟಕ್ಕೆ ಬಿದ್ದು ನಾನೇ ಕೆಲವು ಕಂಟೇನರುಗಳನ್ನು ಸ್ಯಾಂಡ್‌ಬಾಕ್ಸಿಗೆ ಹಾಕಿ ಓಡಿಸಿದೆ. ಸೋಸುವ ಕೆಲಸವಿದ್ದಲ್ಲಿ ಸ್ವಲ್ಪ ತಡವಾಗುವುದು ಸಹಜ. ಒಬ್ಬರ ಪ್ರೋಗ್ರಾಮು ನಿಧಾನವಾಯಿತು, ಇನ್ನೊಬ್ಬರದ್ದು ಏನೋ ವಿಚಿತ್ರವಾದದ್ದನ್ನು ಕೇಳಿ, ಒಳಗಿನ ಪುಟ್ಟ ಕರ್ನಲಿಗೆ ಅದು ಅರ್ಥವಾಗದೆ, ಕೂತಲ್ಲೇ ಕೂತಿತು. ಬಂದರಿನಿಂದ ಫೋನುಗಳು ಶುರುವಾದವು. ಮೊದಲಿನದೇ ಚಲೋ ಇತ್ತು ಎಂದು ವಿನಾಯಕ ನನ್ನ ಕೈಯಿಂದಲೇ ಎಲ್ಲವನ್ನೂ ವಾಪಸ್ಸು ಮಾಡಿಸಿದ. ನನಗೆ ಬಂದ ಸಿಟ್ಟು ಅಷ್ಟಿಷ್ಟಲ್ಲ. ಜಟ್ಟಣ್ಣನ ಬಂಡೆ ಇವರ ಉದಾಸೀನದಿಂದ ಬೀದಿಪಾಲಾಗುತ್ತದೆ, ಆಗ ಅವನ ಮುಖವನ್ನು ನಾನು ಹೇಗೆ ನೋಡಲಿ ಎಂಬ ಸಂಕಟವೂ ಇತ್ತು. ಹೇಳಿದರೆ ತಿಳಿಯದ ಜನಕ್ಕೆ ಕಣ್ಣಾರೆ ತೋರಿಸಿಯೇ ತೀರುತ್ತೇನೆಂದು ಗಿರಾಕಿಗಳ ಸಭೆ ಕರೆಸಿದೆ.

ಎಲ್ಲ ಯಜಮಾನರೂ ಬಂದರು. ಜಟ್ಟಣ್ಣ ಹಿಂದಿನ ಕುರ್ಚಿಯಲ್ಲಿ ಕೂತ. ನಾನು ಪಾಂಡಣ್ಣನ ಒಪ್ಪಿಗೆ ಪಡೆದು ಅವನ ಕಂಟೇನರಿನೊಳಗೆ ಒಂದು ಸಣ್ಣ ಪ್ರೋಗ್ರಾಮು ಇಟ್ಟಿದ್ದೆ. ಗುಂಡಿ ಒತ್ತಿದೆ. ಅದು ಹಳೇ ತೂತಿನಲ್ಲಿ ನುಸುಳಿ ಪಕ್ಕದ ಕಂಟೇನರಿನ ಮಾಹಿತಿಯನ್ನು ಎತ್ತಿಕೊಂಡು ಬಂತು. ಬರೀ ಅಂಕಿ ತೋರಿಸಿದರೆ ಈ ಜನದ ತಲೆಗೆ ಹೋಗುವುದಿಲ್ಲವೆಂದು ನಕಾಶೆಯ ಮೇಲೆ ಚುಕ್ಕಿಗಳಾಗಿ ಮೂಡಿಸಿ ಗೋಡೆಯ ತುಂಬ ತೋರಿಸಿದೆ. ಯಾರ ಬೋಟೆಂದು ಹೇಳಲಿಲ್ಲ. ನಾನು ಅಷ್ಟು ದಡ್ಡಿಯಲ್ಲ.

ಅದುವರೆಗೆ ಆಕಳಿಸುತ್ತಿದ್ದವರೆಲ್ಲ ಕುರ್ಚಿಯ ತುದಿಗೆ ಬಂದಿದ್ದರು. ಇಷ್ಟು ಗಮನದಿಂದ ನನ್ನ ಮಾತನ್ನು ಯಾರೂ ಕೇಳಿದ್ದಿಲ್ಲ, ನನ್ನ ಗಂಡನಂತೂ ಇಲ್ಲವೇ ಇಲ್ಲ. "ಅಕ್ಕೋರೇ, ಸ್ವಲ್ಪ ದೊಡ್ಡ ಮಾಡಿ" ಎಂದ ಪಾಂಡಣ್ಣ. ಮಾಡಿದೆ. "ಆ ಕೆಂಪು ಚುಕ್ಕಿ ಎಂತ?" ಎಂದರು ಇನ್ನೊಬ್ಬರು. ಜಾಸ್ತಿ ಮೀನು ಸಿಕ್ಕ ಜಾಗವೆಂದು ವಿವರಿಸಿದೆ. ಮೂರನೆಯವರು ಮೊಬೈಲಿನಲ್ಲಿ ಫೋಟೋ ಹಿಡಿದರು. ಇಂಜಿನಿಯರಿಂಗ್ ಓದುವ ಮಗನಿಗೆ ತೋರಿಸಲಿಕ್ಕಿರಬೇಕೆಂದು ನನಗೆ ಹೆಮ್ಮೆಯೇ ಆಯಿತು. ಹಿಂದಿನಿಂದ ಜಟ್ಟಣ್ಣ, "ಆತು ಅಕ್ಕೋರೇ, ಗೊತ್ತಾತು, ಬಂದ್ ಮಾಡಿ" ಎಂದ. ಸ್ವಲ್ಪ ಹೊತ್ತಿಗೆ ಮತ್ತೆ, "ಲೈಟ್ ಹಾಕಿ" ಎಂದ. ಬೇರೆ ಏನು ಹೇಳಿಯಾನು? ಅದು ನನ್ನದು ಎಂದರೆ ಒಪ್ಪಿಕೊಂಡ ಹಾಗಲ್ಲವೆ? ನನಗೆ ಅವನ ಅವಸರ ಕಂಡು ರೇಗಿತು. "ಸುಮ್ಮನಿರಿ ಜಟ್ಟಣ್ಣ, ಇದೆಲ್ಲ ನಿಮ್ಮ ಒಳ್ಳೇದಕ್ಕೇ" ಎಂದುಬಿಟ್ಟೆ. ಅಲ್ಲಿಯವರೆಗೆ ಯಾರಿಗಾದರೂ ಅನುಮಾನ ಉಳಿದಿದ್ದರೆ ಆಗ ಪರಿಹಾರವಾಗಿರಬೇಕು.

ಸ್ಯಾಂಡ್‌ಬಾಕ್ಸು ಆಗಲೇಬೇಕೆಂದು ಎಲ್ಲರೂ ಒಪ್ಪಿದರು. "ನಮ್ಮದೂ ಹೀಂಗೇ ಕಾಣ್ತಿತ್ತು ಅಲ್ದಾ? ನಿಧಾನ ಆದ್ರೂ ಅಡ್ಡಿಲ್ಲ, ಇವತ್ತೇ ಹಾಕಿ" ಎಂದು ಪಾಂಡಣ್ಣನೇ ಅಪ್ಪಣೆ ಕೊಟ್ಟ. ಆಮೇಲೆ ಚಹಾ ಪೂರ್ತಿ ಕುಡಿಯದೆ ಒಬ್ಬರ ಹಿಂದೆ ಒಬ್ಬರು ಮೆಟ್ಟಿಲಿಳಿದು ಹೋದರು. ನನ್ನ ಮಾತು ಅವರನ್ನು ಅಷ್ಟು ಕಲಕಿದೆಯೆಂದು ಭಾವಿಸಿ, ಅಂದೇ ಎಲ್ಲ ಕಂಟೇನರುಗಳನ್ನೂ ಸ್ಯಾಂಡ್‌ಬಾಕ್ಸಿಗೆ ಸೇರಿಸಿದೆ. ಇಲಿ ನುಸುಳದ ಹಾಗೆ ಭದ್ರ ಮಾಡಿದೆ.

ಎರಡು ದಿನ ಕಳೆದು ನನ್ನ ಗಂಡ ಕುಮಟೆ ಪೇಟೆಯಿಂದ ಇಶ್ವಾಣ ತಂದರು. ಎಲ್ಲರ ಬುಟ್ಟಿಯಲ್ಲೂ ಅದೇ ಅಂತೆ. ಇಷ್ಟೊಂದು ಎಲ್ಲಿಂದ ಬಂತು ಎಂದು ಊಟಕ್ಕೆ ಕೂತಾಗ ಕೇಳಿದೆ. "ಅದೆಂತದೋ ಬಂಡೆ ಅಂತೆ, ಎಲ್ಲ ಬೋಟೂ ಅಲ್ಲೇ ನಿಂತದಂತೆ" ಎಂದರು. ತುಂಡು ನನ್ನ ಬಾಯಲ್ಲಿತ್ತು. ನುಂಗಲೇಬೇಕಾಯಿತು.

ಮರುದಿನ ಜಟ್ಟಣ್ಣ ಆಫೀಸಿಗೆ ಬಂದ. ಕೂಗಾಡಿದ್ದರೆ ನನಗೆ ಸುಲಭವಾಗುತ್ತಿತ್ತು. ಅವನು ಮೆಲ್ಲಗೆ, "ಈಗ ಎಲ್ಲ ಭದ್ರ ಆತಾ?" ಎಂದ. ಆಯಿತು ಎಂದೆ. "ನನ್ನ ಬಂಡೆ ಒಳಗೇ ಇದ್ಯಾ?" ಇದೆ ಎಂದೆ. "ಹೊರಗಿಂದ ಯಾರಿಗೂ ಕಾಣುದಿಲ್ಲ?" ಇಲ್ಲ ಎಂದೆ. "ಚಲೋ ಆತು. ಬಂಡೆ ಒಳಗೆ ಉಳೀತು, ಮೀನು ಹೊರಗೆ ಹೋತು." ನನಗೆ ನಾಚಿಕೆಯಾಯಿತು, ಅಳುವೂ ಬಂತು. ಅವನು ಹೊರಡುತ್ತ ವಿನಾಯಕನ ಕಡೆ ತಿರುಗಿ, "ಈ ಅಕ್ಕೋರನ್ನೂ ಅಂಥದ್ದೇ ಒಂದರ ಒಳಗೆ ಇಡು ಮಾರಾಯಾ" ಎಂದ. ಈಗ ಹೊಸ ಜಾಗ ಹುಡುಕುತ್ತಿದ್ದಾನಂತೆ. ಸಿಕ್ಕಿತೋ ಇಲ್ಲವೋ ನಮಗೆ ತಿಳಿಯದು, ಜಿಪಿಎಸ್ ಬಂದ್ ಮಾಡಿಕೊಂಡೇ ಕಡಲಿಗೆ ಹೋಗುತ್ತಾನೆ.

ನನ್ನ ಒಂದು ಸಲಹೆಯನ್ನೂ ಹೊತ್ತಿಗೆ ಸರಿಯಾಗಿ ಕೇಳದ ವಿನಾಯಕ, ಜಟ್ಟಣ್ಣನ ಸಲಹೆಯನ್ನು ಅಂದೇ ಜಾರಿಗೆ ತಂದ. ನನಗೀಗ ಹಿಂದುಗಡೆ ಪ್ರತ್ಯೇಕ ಕೋಣೆ. ಗಿರಾಕಿಗಳು ಬಂದರೆ ನನ್ನೊಡನೆ ನೇರ ಮಾತಿಲ್ಲ. ಅವರು ಕೇಳಿದ್ದನ್ನು ವಿನಾಯಕ ತಂದು ಹೇಳುತ್ತಾನೆ, ನಾನು ಹೇಳಿದ್ದರಲ್ಲಿ ಅಪಾಯವಿಲ್ಲದ್ದನ್ನಷ್ಟೇ ಆರಿಸಿಕೊಂಡು ಹೊರಗೆ ಒಯ್ಯುತ್ತಾನೆ, ಉಳಿದದ್ದನ್ನು ಬಾಗಿಲಲ್ಲೇ ಬಿಡುತ್ತಾನೆ. ಸ್ಯಾಂಡ್‌ಬಾಕ್ಸ್ ಎಂದರೇನೆಂದು ಈ ಮನುಷ್ಯನಿಗೆ ಜನ್ಮದಲ್ಲಿ ಅರ್ಥವಾಗುವುದಿಲ್ಲ ಎಂದು ಕಂಡಕಂಡವರ ಮುಂದೆ ಹೀಯಾಳಿಸುತ್ತಿದ್ದೆ. ಚೆನ್ನಾಗಿಯೇ ಅರ್ಥವಾಗಿದೆ.