ಕಂಪ್ಯೂಟರಿಗೂ ರಾಹುಕಾಲ

ಕಂಪ್ಯೂಟರಿಗೆ ರಾಹುಕಾಲ ನೋಡಿದ ಹೆಂಗಸು ಪ್ರಪಂಚದಲ್ಲಿ ಒಬ್ಬರೇ ಇದ್ದರೆ, ಅವರು ಸಿಂಗಾನಲ್ಲೂರಿನ ನಮ್ಮ ಓನರಮ್ಮ! ನಗಬೇಡಿ. ಅವರಿಗೆ ಆ ಹುಚ್ಚು ಹಿಡಿಸಿದವನು ನಾನೇ.

ದಾವಣಗೆರೆಯಿಂದ ಕೊಯಮತ್ತೂರಿನ ಪಂಪ್ ಕಾರ್ಖಾನೆಯೊಂದಕ್ಕೆ ಡ್ರಾಯಿಂಗ್ ಮಾಡಲು ಬಂದ ನಾನು ಅವರ ಮಹಡಿಯಲ್ಲಿ ಬಾಡಿಗೆಗಿದ್ದೆ. ಅವರದು ತಲೆಮಾರುಗಳಿಂದ ಅಲ್ಲೇ ಮಗ್ಗ ನಡೆಸಿದ ಕನ್ನಡದ ಮನೆತನ. ಮಾತು ಕನ್ನಡ, ರಾಗ ತಮಿಳು. ಕನ್ನಡ ಅಕ್ಷರ ಮಾತ್ರ ಒಂದೂ ಬಾರದು. ಇನ್ನು ಇಂಗ್ಲಿಷಿನ ಮಾತೇಕೆ?

ನನ್ನ ಕಂಪ್ಯೂಟರಿಗೆ ಒಂದು ರೋಗವಿತ್ತು. ತಾನಾಗಿಯೇ ಅಪ್‌ಡೇಟ್ ಮಾಡಿಕೊಳ್ಳುವುದು, ಆಮೇಲೆ ಹತ್ತು ನಿಮಿಷಕ್ಕೊಮ್ಮೆ ‘ರೀಸ್ಟಾರ್ಟ್ ಮಾಡಲೇ?’ ಎಂದು ಪ್ರಾಣ ತಿನ್ನುವುದು! ಒಂದು ಭಾನುವಾರ ನಾನು ಸ್ನಾನಕ್ಕೆ ಹೋದಾಗ ಉತ್ತರ ಸಿಗದೆ ತಾನೇ ರೀಸ್ಟಾರ್ಟ್ ಆಗಿ, ಎರಡು ಗಂಟೆಯ ಡ್ರಾಯಿಂಗ್ ನುಂಗಿ ನೀರು ಕುಡಿಯಿತು. ಮುಂದಿನ ವಾರ ಓನರಮ್ಮನನ್ನು ಕಾವಲಿಗೆ ಕರೆದೆ. ಬೆಳ್ಳುಳ್ಳಿ ಮೊರ ಹಿಡಿದುಕೊಂಡೇ ಬಂದರು.

“ತೆರೆ ಮೇಲೆ ಪೆಟ್ಟಿಗೆ ಥರ ಬಂದ್ರೆ ಬಲಗಡೆಯದನ್ನ ಒತ್ತಿ ಅಮ್ಮಾ, ಅದು ‘ಈಗ ಬೇಡ’. ಎಡಗಡೆಯದು ‘ಸರಿ’.”

“ಏನ್ ಕೇಳುತ್ತೆ ಕಣ್ಣು ಅದು?” ನನ್ನನ್ನು ಅವರು ತಮಿಳರಂತೆ ಮುದ್ದಿನಿಂದ ‘ಕಣ್ಣು’ ಎಂದೇ ಕರೆಯುತ್ತಿದ್ದರು.

ರೀಸ್ಟಾರ್ಟನ್ನು ಹೇಗೆ ತಿಳಿಸುವುದು? “ಆಫ್ ಆಗಿ ಮತ್ತೆ ಆನ್ ಆಗುತ್ತೆ. ‘ಹೋಗಿ ಬರಲಾ’ ಅಂತ ಕೇಳ್ತಿದೆ” ಎಂದುಬಿಟ್ಟೆ.

ಮುಗಿಯಿತು! ಆ ಮನೆಯಲ್ಲಿ ‘ಹೋಗ್ತೀನಿ’ ಎಂಬ ಮಾತೇ ಇಲ್ಲ, ಅದು ಅಪಶಕುನ. ‘ಹೋಗಿ ಬರ್ತೀನಿ’ ಎಂದು ಕೇಳಬೇಕು, ಅವರು ಒಪ್ಪಬೇಕು. ಆಗ ಮಾತ್ರ ಹೋದಂತೆ ಲೆಕ್ಕ. ಒಪ್ಪಿಗೆಯೋ, ಅಷ್ಟು ಸುಲಭಕ್ಕೆ ಸಿಗದು. ಸೀನಿದರೆ ಕೂರಬೇಕು, ರಾಹುಕಾಲ ಕಳೆಯಬೇಕು, ಮಜ್ಜಿಗೆ ಕುಡಿಯಬೇಕು.

“ಪಾವಂ, ಪಾಪ, ಎಷ್ಟ್ ಮರ್ಯಾದೆ ನೋಡು ಇದಕ್ಕೆ! ಕೇಳ್ದೆ ಹೋಗಲ್ಲ” ಎಂದು ಓನರಮ್ಮ ಕರಗಿಹೋದರು. ಅಂದಿನಿಂದ ಪಂಚಾಂಗ ನೋಡದೆ ನನ್ನ ಕಂಪ್ಯೂಟರ್ ರೀಸ್ಟಾರ್ಟ್ ಆದದ್ದಿಲ್ಲ.

“ಅಮ್ಮಾ, ನನ್ನ ಕೆಲಸ ಮುಗೀತು. ಈಗ ಕಳಿಸೋಣ.”

“ದೀಪ ಹಚ್ಚೋ ಹೊತ್ತಲ್ಲಿ ಯಾರಾವ್ದು ಕಳಿಸ್ತಾರಾ? ನಲ್ಲ ನೇರ ಬರ್ಲಿ, ಇರು!”

ಕಂಪ್ಯೂಟರೂ ನಾನೂ ಕಾದೆವು. ನಲ್ಲ ನೇರ, ಅಂದರೆ ಒಳ್ಳೆಯ ಗಳಿಗೆ ಬಂದಾಗ ಅವರೇ ಎಡಗಡೆಯದನ್ನು ಒತ್ತಿ, “ಹೋಗ್ಬಿಟ್ಟು ಬಾ” ಎಂದರು. ಅದು ಆನ್ ಆಗಿ ಟಿಂಗೆಂದಾಗ, “ಬಂದ್ಯಾ?” ಎಂದರು!

ನನಗೆ ರೇಗಿತು. ಗೆಳೆಯನೊಬ್ಬನನ್ನು ಕೇಳಿ, ಸೆಟ್ಟಿಂಗಿಗೆ ಹೋಗಿ ಆಟೊಮ್ಯಾಟಿಕ್ ಅಪ್‌ಡೇಟನ್ನೇ ಆಫ್ ಮಾಡಿದೆ. ಮುಂದಿನ ಭಾನುವಾರ ಮೊರ ಹಿಡಿದು ಬಂದವರು ತೆರೆಯನ್ನೇ ನೋಡುತ್ತ ಕುಳಿತರು.

“ಕೇಳ್ಲೇ ಇಲ್ವಲ್ಲ ಕಣ್ಣು?”

“ಇನ್ನು ಕೇಳಲ್ಲ ಅಮ್ಮಾ. ಬಾಯಿ ಮುಚ್ಚಿಸಿದೀನಿ!”

ನಾನು ನಕ್ಕೆ, ಅವರು ನಗಲಿಲ್ಲ. ಅರ್ಧ ಸುಲಿದ ಬೆಳ್ಳುಳ್ಳಿಯೊಂದಿಗೆ ಮೆಟ್ಟಿಲಿಳಿದು ಹೋದರು. ಆಮೇಲೆ ಮಹಡಿ ಹತ್ತಲಿಲ್ಲ. ಕೆಳಗೆ ಹೋಗಿ ಕರೆಯಬೇಕು ಎಂದು ನನಗೂ ಹೊಳೆಯಲಿಲ್ಲ. ನೆನೆದರೆ ಈಗಲೂ ನಾಚಿಕೆಯಾಗುತ್ತದೆ.

ಅದಕ್ಕಿಂತ ದೊಡ್ಡ ತಪ್ಪು ಮುಂದಿತ್ತು. ನನಗೆ ತಿರುಪ್ಪೂರಿಗೆ ವರ್ಗವಾಯಿತು. ಓನರಮ್ಮನ ಹತ್ತಿರ ಹೇಳಿ ಹೊರಡುವುದೆಂದರೆ ಅರ್ಧ ದಿನದ ಕೆಲಸ, ಟೆಂಪೊದವನು ಕಾಯುವನೇ? ಅವರು ಮದುವೆಗೆಂದು ವೆಳ್ಳಕೋಯಿಲ್‌ಗೆ ಹೋಗಿದ್ದ ದಿನವೇ ಸಾಮಾನು ಸಾಗಿಸಿ, ಕೀಯನ್ನು ಪಕ್ಕದ ಮನೆಯಲ್ಲಿ ಕೊಟ್ಟೆ. ಫೋನಿನಲ್ಲಿ ಹೇಳಿದರಾಯಿತು ಎಂದುಕೊಂಡೆ. ನಾಳೆ ನಾಳೆ ಎನ್ನುತ್ತ ಎರಡು ತಿಂಗಳು ಕಳೆಯಿತು. ಒಂದೂವರೆ ಗಂಟೆಯ ಬಸ್ ದಾರಿ, ಸ್ವಾಮಿ, ಅಮೆರಿಕ ಅಲ್ಲ!

ಕೊನೆಗೆ ಅವರೇ ಫೋನ್ ಮಾಡಿದರು. ಬೈಗುಳ ತಿನ್ನಲು ಸಿದ್ಧನಾದೆ.

“ಕಣ್ಣು, ಮನೆಗೆ ಬಣ್ಣ ಹೊಡಿಸ್ತಿದೀನಿ. ನಿನ್ ರೂಮಿಗೆ ಯಾವ್ದು ಬೇಕು?”

“ಅಮ್ಮಾ... ನಾನು ಖಾಲಿ ಮಾಡಿದೆನಲ್ಲ? ಕೀ ಸಿಗಲಿಲ್ವಾ?”

“ಕೀ ಸಿಕ್ತು. ನೀನು ಹೇಳ್ಲಿಲ್ಲ, ನಾನು ಸರಿ ಅನ್ಲಿಲ್ಲ. ಹಂಗಾದ್ರೆ ಹೋದಂಗಾ ಅದು? ರೂಮ್ ಕೇಳ್ಕೊಂಡು ಬಂದೋರ್ಗೆಲ್ಲ ಆಳು ಇದೆ ಅಂತ ಹೇಳಿ ವಾಪಸ್ ಅನುಪಿಸ್ಬಿಟ್ಟೆ.”

ಬೇರೆಯವರಿಗೆ ಕೊಡಿ ಅಮ್ಮಾ ಎನ್ನಬೇಕಿತ್ತು.

“ತಿಳಿ ಹಸಿರು ಹೊಡಿಸಿ. ಭಾನುವಾರ ಬಂದು ನೋಡ್ತೀನಿ” ಎಂದೆ.