ಕ್ರಿಯೆ ಮಾಡದೆ ಕ್ರಿಯಾಪದವಿಲ್ಲ

ಇಂಗ್ಲಿಷ್ ಮೇಷ್ಟ್ರಾದವನು ನಗೆಪಾಟಲಾಗಲು ಎಲ್ಲಿಗೂ ಹೋಗಬೇಕಾಗಿಲ್ಲ. ವಾರಕ್ಕೊಂದಾದರೂ ಪ್ರಸಂಗ ತಾನಾಗಿ ತರಗತಿಯ ಬಾಗಿಲಿಗೆ ಬಂದು ನಿಲ್ಲುತ್ತದೆ.

ಎಪ್ಪತ್ತರ ದಶಕದ ಕೊನೆಗೆ ನಾನು ಕೊಪ್ಪ ಮತ್ತು ಹರಿಹರಪುರದ ನಡುವಿನ ಒಂದು ಹೈಸ್ಕೂಲಿನಲ್ಲಿ ತಾತ್ಕಾಲಿಕ ಮೇಷ್ಟ್ರಾಗಿದ್ದೆ. ತಾತ್ಕಾಲಿಕ ಅಂದರೆ, ಇನ್‌ಸ್ಪೆಕ್ಟರು ಬಂದು ನನ್ನ ಒಂದು ಪಾಠ ನೋಡಿ ಮೆಚ್ಚಿದರೆ ಖಾಯಂ, ಇಲ್ಲದಿದ್ದರೆ ಮುಂದಿನ ಜೂನ್‌ಗೆ ಮನೆ. ನನ್ನ ಮದುವೆಯ ಮಾತುಕತೆಯೂ ಇದೇ ಗೂಟಕ್ಕೆ ಕಟ್ಟಿಕೊಂಡಿತ್ತು. ಹುಡುಗಿಯ ತಂದೆ, "ಖಾಯಂ ಆಗ್ಲಿ, ಆಮೇಲೆ ನೋಡುವ" ಎಂದಿದ್ದರು.

ಆಗಷ್ಟೇ ವ್ಯಾಕರಣದ ಬಾಯಿಪಾಠ ಬಿಟ್ಟು, ಮಾಡಿ ತೋರಿಸಿ ಕಲಿಸುವ ಹೊಸ ಪದ್ಧತಿ ಬಂದಿತ್ತು. ಮೊದಲು ಕ್ರಿಯಾಪದ, ಅದರ ಬೆನ್ನಿಗೆ ಒಂದು ಸರ್ವನಾಮ, ಆಮೇಲೆ ಎಲ್ಲಿಗೆ, ಯಾರಿಗೆ ಎನ್ನುವ ಬಾಲ. ‘ಪುಟ್ ಇಟ್ ಆನ್ ದ ಟೇಬಲ್’, ‘ಗಿವ್ ಇಟ್ ಟು ಹರ್’, ಹೀಗೆ. ಕನ್ನಡದಲ್ಲಿ ಕ್ರಿಯಾಪದ ಕೊನೆಗೆ ಬರುತ್ತದೆ. ನಮ್ಮ ಕಡೆಯವರು ಮಾತಾಡುವ ನಿಧಾನಕ್ಕೆ ಕೆಲವೊಮ್ಮೆ ಬಸ್ಸು ಹೋದ ಮೇಲೆ ಬರುತ್ತದೆ. ಇಂಗ್ಲಿಷಿನವನಿಗೆ ಅಷ್ಟು ತಾಳ್ಮೆಯಿಲ್ಲ. ಬಾಯಿ ಬಿಟ್ಟ ಕೂಡಲೇ ಕೆಲಸ ಹೇಳಿಬಿಡುತ್ತಾನೆ.

ಒಂದೇ ಕುರ್ಚಿ

ಈ ಪದ್ಧತಿಯ ತರಬೇತಿ ನಡೆದದ್ದು ನರಸಿಂಹರಾಜಪುರದಲ್ಲಿ. ತರಬೇತಿ ಕೊಡಲು ಬಂದವರು ನಮ್ಮೆಲ್ಲರಿಗಿಂತ ಚಿಕ್ಕವರು, ಮಾತು ಮಾತ್ರ ಖಡಕ್ಕು. "ಕ್ರಿಯೆ ಮಾಡದೆ ಕ್ರಿಯಾಪದ ಹೇಳಬಾರದು. ಕಲಿಸದ ಕ್ರಿಯೆಯನ್ನು ಮಾಡಲೂಬಾರದು. ಇವತ್ತು ‘ಸಿಟ್’. ‘ಸ್ಟ್ಯಾಂಡ್’ ನಾಳೆ" ಎಂದರು.

ಕಲಿಯಲು ಬಂದವರಲ್ಲಿ ನಿವೃತ್ತಿಯ ಅಂಚಿಗೆ ಬಂದ ಹಿರಿಯ ಮೇಷ್ಟ್ರೊಬ್ಬರಿದ್ದರು. ತರಬೇತಿಯವರು ಅವರನ್ನೇ ಮುಂದೆ ಕರೆದು, ತಮ್ಮ ಕುರ್ಚಿ ತೋರಿಸಿ, ‘ಸಿಟ್ ಆನ್ ಇಟ್’ ಎಂದರು. ಹಿರಿಯರು ಕೂತರು. ಆ ಕೋಣೆಯಲ್ಲಿದ್ದದ್ದು ಅದೊಂದೇ ಕುರ್ಚಿ. ನಾವೆಲ್ಲ ಮಕ್ಕಳ ಬೆಂಚಿನಲ್ಲಿ ಮೊಣಕಾಲು ಮಡಚಿ ತುರುಕಿಕೊಂಡಿದ್ದೆವು.

"ಸರಿ, ಈಗ ಏಳಿ" ಎಂದರು ತರಬೇತಿಯವರು.

"ಏಳೋದು ನಾಳೆಯ ಪಾಠ ಅಲ್ವಾ ಮಾರಾಯ್ರೇ? ಕಲಿಸದ್ದನ್ನ ಮಾಡಬಾರದು ಅಂತ ನೀವೇ ಅಂದ್ರಲ್ಲ" ಎಂದು ಹಿರಿಯರು ಒರಗಿ ಕೂತರು.

ಸಂಜೆಯವರೆಗೆ ತರಬೇತಿಯವರು ನಿಂತೇ ಪಾಠ ಮಾಡಿದರು. ಮರುದಿನ ಅವರು ಮೊದಲು ತೆಗೆದುಕೊಂಡದ್ದೇ ‘ಸ್ಟ್ಯಾಂಡ್’. ಆ ದಿನ ಹಿರಿಯರು ರಜೆ ಹಾಕಿದ್ದರು.

ಅಜ್ಜಿಗೆ ಕೊಟ್ಟದ್ದು

ತರಬೇತಿ ಮುಗಿಸಿ ಬಂದವನೇ ಎಂಟನೇ ಕ್ಲಾಸಿನಲ್ಲಿ ‘ಗಿವ್ ಇಟ್ ಟು ಹರ್’ ಶುರು ಮಾಡಿದೆ. ಹುಡುಗ ಪೆನ್ನು ಹಿಡಿದು ಬಂದು ಹುಡುಗಿಗೆ ಕೊಡಬೇಕು. ನಮ್ಮ ಕಡೆ ಆ ವಯಸ್ಸಿನ ಹುಡುಗ ಹುಡುಗಿ ದಾರಿಯಲ್ಲಿ ಎದುರೆದುರು ಬಂದರೆ ಒಬ್ಬರು ಗದ್ದೆಗಿಳಿಯುವ ಕಾಲ ಅದು. ಹುಡುಗ ಪೆನ್ನನ್ನು ನೆಲದ ಮೇಲಿಟ್ಟು ಓಡಿದ. ಹುಡುಗಿ ಅದನ್ನು ಎತ್ತಿಕೊಳ್ಳುವ ಬದಲು ಅಳತೊಡಗಿದಳು.

ಮರುದಿನ ಬೆಳಿಗ್ಗೆ ಅವಳ ಅಪ್ಪ ಬಂದರು. "ಎಂತ ಮೇಷ್ಟ್ರೇ, ನಮ್ಮ ಕೂಸಿಗೆ ಯಾರದ್ದೋ ಮನೆ ಮಾಣಿ ಕೈಲಿ ಎಂತೆಲ್ಲ ಕೊಡ್ಸ್ತಿದ್ದೀರಂತೆ?"

"ಬರೀ ಪೆನ್ನು. ಪಾಠ ಅದು. ‘ಹರ್’ ಅಂದರೆ ಅವಳಿಗೆ ಅಂತ."

"ಅವಳಿಗೆ ಅಂದ್ರೆ ಯಾರಾದ್ರೂ ಆಗ್ತದಾ?"

"ಹೆಂಗಸರು ಯಾರಾದರೂ ಆಗುತ್ತದೆ."

"ಹಂಗಾದ್ರೆ ನಾಳೆ ನಮ್ಮ ಅಬ್ಬೆನ ಕಳಿಸ್ತೆ. ಕೊಡೂದಿದ್ರೆ ಅವಳಿಗೆ ಕೊಡ್ಲಿ."

ತಮಾಷೆ ಎಂದುಕೊಂಡಿದ್ದೆ. ಮರುದಿನ ನಿಜಕ್ಕೂ ಅವರ ತಾಯಿ, ಹುಡುಗಿಯ ಅಜ್ಜಿ, ಮಡಿಸಿದ ಶಾಲು ಹೊದ್ದು, ಎಲೆಯಡಿಕೆ ಚೀಲ ಹಿಡಿದು, ಹುಡುಗಿಯರ ಬೆಂಚಿನ ತುದಿಯಲ್ಲಿ ಬಂದು ಕೂತರು. ಪಾಠ ಎಂದೂ ನಡೆಯದಷ್ಟು ಚೆನ್ನಾಗಿ ನಡೆಯಿತು. ಹುಡುಗರೆಲ್ಲ ಸಾಲಾಗಿ ಬಂದು ಪೆನ್ನು, ಸೀಮೆಸುಣ್ಣ, ಪೇರಳೆಹಣ್ಣು, ನನ್ನ ಡಸ್ಟರು ಎಲ್ಲವನ್ನೂ ಅಜ್ಜಿಯ ಕೈಗೆ ಕೊಟ್ಟರು. ಇಬ್ಬರು ಕಾಲಿಗೂ ಬಿದ್ದರು. ಅಜ್ಜಿ ಪ್ರತಿಯೊಂದನ್ನೂ ಆಶೀರ್ವಾದ ಮಾಡಿ ಸೆರಗಿನಲ್ಲಿ ಕಟ್ಟಿಕೊಂಡರು.

ಇನ್ನು ‘ಟೇಕ್ ಇಟ್ ಫ್ರಮ್ ಹರ್’ ಆಗಬೇಕಲ್ಲ. ಅಜ್ಜಿಯ ಮುಂದೆ ಕೈಚಾಚಿದೆ.

ಅಜ್ಜಿ ಎದ್ದು ನಿಂತರು. "ಹಿರಿಯರಿಗೆ ಕೊಟ್ಟದ್ದನ್ನ ವಾಪಸ್ ಕೇಳೂದು ಯಾವ ಊರಿನ ಪಾಠ ಮಾಣಿ?" ಎಂದು ಕೇಳಿ, ಗಂಟಿನ ಸಮೇತ ಮನೆಗೆ ನಡೆದರು. ಆ ವರ್ಷ ಪೂರ್ತಿ ನಾನು ಬೋರ್ಡನ್ನು ಕರ್ಚೀಫಿನಲ್ಲಿ ಒರೆಸಿದೆ.

ಸಾಹೇಬರ ಗಿರಾಕಿ

ಶಾಲೆಯ ಎದುರಿಗೆ ಒಬ್ಬ ಸಾಹೇಬರ ದಿನಸಿ ಅಂಗಡಿ. ನನ್ನ ತರಗತಿಯ ಮಕ್ಕಳು ದಿನವಿಡೀ ಕೂಗುತ್ತಿದ್ದ ಈ ಇಂಗ್ಲಿಷು ಅವರ ಗಲ್ಲಾಪೆಟ್ಟಿಗೆಯವರೆಗೂ ಕೇಳುತ್ತಿತ್ತು. ಒಂದು ದಿನ ಶೃಂಗೇರಿಗೆ ಹೋಗುವ ಬಸ್ಸು ಅಲ್ಲೇ ಕೆಟ್ಟು ನಿಂತು, ಅದರಿಂದಿಳಿದ ಬಿಳಿಯನೊಬ್ಬ ಅಂಗಡಿಗೆ ಹೋದ. ಏನು ಬೇಕೆಂದು ಅವನು ಬಾಯಿಬಿಡುವ ಮೊದಲೇ ಸಾಹೇಬರು ಬಾಳೆಹಣ್ಣಿನ ಚಿಪ್ಪು ಎತ್ತಿ, ‘ಟೇಕ್ ಇಟ್ ಫ್ರಮ್ ಮಿ. ಪುಟ್ ಇಟ್ ಇನ್ ದ ಬ್ಯಾಗ್’ ಎಂದರು. ಅವನು ಹಾಕಿಕೊಂಡ. ಆಮೇಲೆ ಸಾಬೂನು, ಅಚ್ಚುಬೆಲ್ಲ, ಲಾಟೀನಿನ ಬತ್ತಿ. ಎಲ್ಲವನ್ನೂ ಪಾಪದವನು ಒಂದೊಂದಾಗಿ ಚೀಲಕ್ಕಿಳಿಸಿದ.

ಸಂಜೆ ಸಾಹೇಬರು ನನ್ನನ್ನು ಕರೆದು ಚಹಾ ಕೊಟ್ಟರು. "ನಿಮ್ಮ ಇಂಗ್ಲಿಷು ಗಟ್ಟಿ ಮಾಲು ಮೇಷ್ಟ್ರೇ. ನಮ್ಮೂರ ಗಿರಾಕಿಗೆ ಹತ್ತು ಸಲ ಹೇಳಿದ್ರೂ ಎರಡನೇ ಸಾಮಾನು ತಗೊಳ್ಳೋದಿಲ್ಲ. ಅವ್ನು ಪೊರಕೆನೂ ತಗೊಂಡ!"

ಇನ್‌ಸ್ಪೆಕ್ಟರ್ ಪಾಠ ನೋಡಿದ್ದು

ಹೊಸ ಪದ್ಧತಿಯ ಇನ್ನೊಂದು ಕಟ್ಟಳೆಯೆಂದರೆ, ಕಣ್ಣೆದುರು ಯಾರು ಏನು ಮಾಡಿದರೂ ಇಡೀ ತರಗತಿ ಅದನ್ನು ಒಕ್ಕೊರಲಿನಿಂದ ಹೇಳಬೇಕು. ನನ್ನ ಮಕ್ಕಳಿಗೆ ಇದು ಊಟ ನಿದ್ದೆಯಷ್ಟೇ ರೂಢಿಯಾಗಿತ್ತು. ಹೇಳಬೇಡಿ ಎಂದರೂ ತಡೆಯುತ್ತಿರಲಿಲ್ಲ.

ಕೊನೆಗೂ ಇನ್‌ಸ್ಪೆಕ್ಟರು ಬಂದರು. ಅವರು ಕುರ್ಚಿಯಲ್ಲಿ ಕೂರುತ್ತಲೇ ತರಗತಿ, ‘ಹಿ ಈಸ್ ಸಿಟಿಂಗ್ ಆನ್ ಇಟ್’ ಎಂದಿತು. ಅವರ ಮುಖ ಅರಳಿತು. ನನಗೆ ಜೀವ ಬಂತು. ಅಷ್ಟಕ್ಕೇ ನಿಂತಿದ್ದರೆ ಚೆನ್ನಾಗಿತ್ತು. ಅವರು ನಶ್ಯದ ಡಬ್ಬಿ ತೆಗೆದರು.

‘ಹಿ ಈಸ್ ಟೇಕಿಂಗ್ ಇಟ್ ಫ್ರಮ್ ಹಿಸ್ ಪಾಕೆಟ್!’

ಇನ್‌ಸ್ಪೆಕ್ಟರ ಬೆರಳು ಒಂದು ಕ್ಷಣ ಗಾಳಿಯಲ್ಲಿ ನಿಂತಿತು. ಆದರೆ ನಶ್ಯದ ಚಟ ಕೇಳಬೇಕಲ್ಲ.

‘ಹಿ ಈಸ್ ಪುಟಿಂಗ್ ಇಟ್ ಇನ್ ಹಿಸ್ ನೋಸ್!’

ಸೀನುವುದನ್ನು ನಾನು ಇನ್ನೂ ಕಲಿಸಿರಲಿಲ್ಲವಾದ್ದರಿಂದ ಸೀನಿಗೆ ಎಲ್ಲರೂ ಗಪ್‌ಚಿಪ್. ಇನ್‌ಸ್ಪೆಕ್ಟರು ಮೂಗೊರೆಸಿಕೊಂಡು, "ನೋಡುವ" ಎಂದಷ್ಟೇ ಹೇಳಿ ಬಸ್‌ಸ್ಟಾಪಿಗೆ ಹೊರಟುಬಿಟ್ಟರು.

ನನ್ನ ಕೆಲಸವೂ ಮದುವೆಯೂ ಆ ‘ನೋಡುವ’ದೊಳಗೆ ಮುಳುಗಿಹೋದವು ಎಂದುಕೊಂಡೆ. ಹೆಡ್‌ಮಾಸ್ಟರು ಮಾತ್ರ ಧೃತಿಗೆಡಲಿಲ್ಲ. "ಬಂದವರನ್ನ ಬರಿಗೈಲಿ ಕಳಿಸಿದ್ದೇ ತಪ್ಪಾಯ್ತು. ಲಂಚ ಅಲ್ಲ ಮಾರಾಯ, ಮರ್ಯಾದೆ" ಎಂದು ಮನೆಯಿಂದ ಒಂದು ಬಾಟಲಿ ಜೇನುತುಪ್ಪ ತರಿಸಿ, ಅದನ್ನು ಟವೆಲ್ಲಿನಲ್ಲಿ ಸುತ್ತಿ, ನನ್ನನ್ನೂ ಎಳೆದುಕೊಂಡು ಓಡಿದರು.

ನಾವು ಮುಟ್ಟುವ ಹೊತ್ತಿಗೆ ಇನ್‌ಸ್ಪೆಕ್ಟರು ಬಸ್ಸಿನ ಕಿಟಕಿ ಪಕ್ಕ ಕೂತಾಗಿತ್ತು. ಹೆಡ್‌ಮಾಸ್ಟರು ಟವೆಲ್ಲು ಬಿಡಿಸಿ ಬಾಟಲಿಯನ್ನು ಕಿಟಕಿಯಿಂದ ಒಳಗೆ ಚಾಚಿದರು. ಅದು ಶಾಲೆ ಬಿಟ್ಟ ಮೇಲಿನ ಬಸ್ಸು, ಹರಿಹರಪುರಕ್ಕೆ ಹೋಗುವ ನಮ್ಮ ಎಂಟನೇ ಕ್ಲಾಸು ಪೂರ್ತಿ ಅದರಲ್ಲೇ ಇದೆಯೆಂಬುದು ಇಬ್ಬರಿಗೂ ಹೊಳೆಯಲಿಲ್ಲ.

‘ಹಿ ಈಸ್ ಗಿವಿಂಗ್ ಇಟ್ ಟು ಹಿಮ್!’

ಬಸ್ಸಿನವರೆಲ್ಲ ತಿರುಗಿ ನೋಡಿದರು. ಹೆಡ್‌ಮಾಸ್ಟರು ಗಾಬರಿಯಾಗಿ ಬಾಟಲಿ ಹಿಂದಕ್ಕೆಳೆದರು.

‘ಹಿ ಈಸ್ ಟೇಕಿಂಗ್ ಇಟ್ ಫ್ರಮ್ ಹಿಮ್!’

ಕೊಟ್ಟರೂ ಕೂಗು, ಕಿತ್ತುಕೊಂಡರೂ ಕೂಗು. ಹೆಡ್‌ಮಾಸ್ಟರು ಏನೂ ತೋಚದೆ ಬಾಟಲಿಯನ್ನು ಇನ್‌ಸ್ಪೆಕ್ಟರ ತೊಡೆಯ ಮೇಲೆ ಹಾಕಿ, ಕೈ ಹಿಂದಕ್ಕೆ ಕಟ್ಟಿಕೊಂಡು ನಿಂತುಬಿಟ್ಟರು. ಇನ್‌ಸ್ಪೆಕ್ಟರು ಕಿಟಕಿಯಿಂದ ತಲೆ ಹೊರಹಾಕಿ ನನ್ನನ್ನು ಹತ್ತಿರ ಕರೆದರು. ಅವರ ಕಿವಿ ಕೆಂಪಾಗಿತ್ತು.

"ನೀವು ಖಾಯಂ, ತಿಳೀತಾ? ನಾಳೆಯೇ ಬರೆದು ಕಳಿಸ್ತೇನೆ. ಇಷ್ಟು ಕಲಿತದ್ದು ಸಾಕು ಮಾರಾಯ್ರೇ, ಇನ್ನು ಇವುಕ್ಕೆ ಒಂದಕ್ಷರ ಹೇಳ್ಕೊಡಬೇಡಿ!"

ಕಂಡಕ್ಟರು ಸೀಟಿ ಊದಿದ. ನನಗೆ ಕುಣಿಯುವಷ್ಟು ಖುಷಿಯಾಗಿ, ಬಸ್ಸು ತಿರುವು ದಾಟುವವರೆಗೂ ಕೈ ಮುಗಿದು ನಿಂತಿದ್ದೆ. ಬಸ್ಸು ಕಣ್ಣಿಗೆ ಮರೆಯಾದ ಮೇಲೆ, ತಿರುವಿನ ಆಚೆಯಿಂದ ಎಂಟನೇ ಕ್ಲಾಸಿನ ದನಿ ಸ್ಪಷ್ಟವಾಗಿ ಕೇಳಿಬಂತು:

‘ಹಿ ಈಸ್ ಪುಟಿಂಗ್ ಇಟ್ ಅಂಡರ್ ದ ಸೀಟ್!’