ಗದ್ದುಗೆಯ ಮೇಲೆ ಹಾಯ್ದ ತೆಪ್ಪ

ನೀರಿಗೆ ಅಂಜುವುದು ತಪ್ಪಲ್ಲ. ಅದನ್ನು ಹೆಂಡತಿಯ ಎದುರು ಒಪ್ಪಿಕೊಳ್ಳುವುದೇ ಕಷ್ಟ. ನೀರಲ್ಲಿ ಹುಷಾರಾಗಿರಬೇಕೆಂದು ಮೂವತ್ತು ವರ್ಷ ಮಕ್ಕಳಿಗೆ ಬೋಧಿಸಿದ ಮಾಸ್ತರನಾದ ನನಗೇ ಈಜು ಬಾರದು. ಈ ಸಂಗತಿಯನ್ನು ಮದುವೆಯಾದಾಗಿನಿಂದ ಮುಚ್ಚಿಟ್ಟಿದ್ದೆ. ಹಾಗಾಗಿ ಮೊನ್ನೆ ಹಿನ್ನೀರಿನ ದಂಡೆಯಲ್ಲಿ ತೆಪ್ಪದ ಮಾಬುಸಾಬ ಲೈಫ್ ಜಾಕೆಟ್ ಚಾಚಿದಾಗ ಹೆಂಡತಿಗೆ ಕಾಣುವಂತೆ ನಕ್ಕೆ.

"ಹಾಕ್ಕೋರಿ ಮಾಸ್ತರ್ರ. ನೀರಿಗೆ ನಿಮ್ಮ ಗುರ್ತ ಇರಂಗಿಲ್ಲ."

"ನಮ್ಮ ಓಣಿ ನೀರಲೇ ಇದು!" ಎಂದೆ. ಮಾಬುಸಾಬನೂ ನಾನೂ ಒಂದೇ ಓಣಿಯವರು. ಆಣೆಕಟ್ಟು ಬಂದು ಓಣಿ ಈಗ ನೀರೊಳಗಿದೆ, ನಾವು ಸರಕಾರ ಕಟ್ಟಿಕೊಟ್ಟ ನವನಗರದಲ್ಲಿದ್ದೇವೆ. ಮುಳುಗಿದ ಓಣಿಯನ್ನೊಮ್ಮೆ ಮೇಲಿನಿಂದಲಾದರೂ ನೋಡಬೇಕೆಂಬುದು ಹೆಂಡತಿಯ ಆಸೆ. ಅವಳು ತನ್ನ ಜಾಕೆಟ್ ತೊಟ್ಟು ಬಕಲ್ ಬಿಗಿದಳು. ತೆಪ್ಪದ ತಳ ಹಸಿಯಾಗಿತ್ತು, ನನ್ನ ಧೋತರ ಇಸ್ತ್ರಿಯದು. ಜೀವ ಉಳಿಸಲು ಹುಟ್ಟಿದ ವಸ್ತು ಸದ್ಯ ಧೋತರವನ್ನು ಉಳಿಸಲಿ ಎಂಬ ಘನ ವಿಚಾರದಿಂದ ನನ್ನ ಜಾಕೆಟ್ ಹಾಸಿಕೊಂಡು ಕುಳಿತೆ.

"ನಡುವ ಕುಂದರ್ರಿ, ಅಂಚಿಗೆ ಬಗ್ಗಬ್ಯಾಡ್ರಿ. ಏನ ಆಗ್ಲಿ, ಎದ್ದು ಮಾತ್ರ ನಿಂದರಬ್ಯಾಡ್ರಿ," ಎಂದು ಮಾಬುಸಾಬ ಹುಟ್ಟು ಹಾಕತೊಡಗಿದ.

ನಮ್ಮ ಓಣಿಯಲ್ಲೊಂದು ರಿವಾಜಿತ್ತು: ಮಠದ ಅಜ್ಜನ ಸಮಾಧಿ, ಅಂದರೆ ಗದ್ದುಗೆಯ ಮುಂದೆ ಯಾರೂ ಕುಳಿತು ಹಾಯುವಂತಿಲ್ಲ. ಚಕ್ಕಡಿಯವನು ಇಳಿಯುತ್ತಿದ್ದ, ಸೈಕಲ್ಲಿನವನು ಇಳಿಯುತ್ತಿದ್ದ, ಮೆರವಣಿಗೆಯ ಮದುಮಗ ಕೂಡ ಕುದುರೆಯಿಂದ ಇಳಿಯುತ್ತಿದ್ದ. ನೀರ ನಡುವೆ ಮಾಬುಸಾಬ ಹುಟ್ಟು ನಿಲ್ಲಿಸಿ, "ಇಲ್ಲೇ ಕೆಳಗೈತಿ ನೋಡ್ರಿ ಗದ್ದಿಗಿ," ಎಂದ. ಹೆಂಡತಿ ಕುಳಿತಲ್ಲೇ ಕೈಮುಗಿದಳು. ನಾನು ಎದ್ದು ನಿಂತೆ. ದುರ್ದೈವ, ಮಾಬುಸಾಬನೂ ಅದೇ ಓಣಿಯಲ್ಲಿ ಬೆಳೆದವನು; ತಾನು ಹೇಳಿದ ನಿಯಮ ಮರೆತು ಅವನೂ ಅರ್ಧ ಎದ್ದ.

ತೆಪ್ಪ ವಾಲಿತು. ನೀರು ಒಳನುಗ್ಗಿತು.

"ಕುಂದರ್ರಿ ಇಬ್ರೂ!" ಎಂದು ಹೆಂಡತಿ ನನ್ನ ಧೋತರ ಹಿಡಿದು ಜಗ್ಗಿದಳು. ನಾನು ಮಾಬುಸಾಬನ ಮೇಲೆ, ಅವನು ಹುಟ್ಟಿನ ಮೇಲೆ. "ಲೇ ಮಾಬೂ, ನನಗ ಈಸಾಕ ಬರಂಗಿಲ್ಲೋ!" ಎಂದು ಕೂಗಿಬಿಟ್ಟೆ.

ತೆಪ್ಪ ತೂಗಾಡಿ, ಯೋಚಿಸಿ, ಕೊನೆಗೆ ನೆಟ್ಟಗಾಯಿತು.

"ಗೊತ್ತೈತಿ," ಎಂದಳು ಹೆಂಡತಿ. "ಮದಿವ್ಯಾದ ವರ್ಷನ ನಿಮ್ಮವ್ವ ಹೇಳಿದ್ರು. ನೀವ ಹೇಳ್ತೀರೇನೋ ಅಂತ ಕಾಯ್ಕೋತ ಕುಂತೇನಿ." ತೊಯ್ದ ಜಾಕೆಟ್ ಎಳೆದು ನನಗೆ ತೊಡಿಸಿ ಅವಳೇ ಬಕಲ್ ಹಾಕಿದಳು. ಹಾಕಿದ ಮೇಲೆ ಎರಡು ಸಲ ಜಗ್ಗಿ ನೋಡಿದಳು.

ದಂಡೆಗೆ ಇಳಿದ ಮೇಲೆ ಮಾಬುಸಾಬ, "ಜಾಕೆಟ್ ಕೊಡ್ರಲ್ಲಾ ಮಾಸ್ತರ್ರ," ಎಂದ.

"ಸ್ವಲ್ಪ ತಡಿಯೋ," ಎಂದೆ, ಮಾಸ್ತರಿಕೆಯ ಪೂರ್ಣ ಗಾಂಭೀರ್ಯದಿಂದ. "ರಸ್ತೆ ದಾಟಿ ಕೊಡ್ತೇನಿ."